ಏಳು ವರ್ಷ ಕಾದ ಕಾರು, ಮೊದಲ ಸಾವಿರ ಕಿಲೋಮೀಟರ್

ಈ ಸಲದ ಮಾತು ಹೊಸ ಕಾರಿನ ಬಗ್ಗೆ. ಯಾವ ಕಾರು ತಗೋಬೇಕು, ಎಷ್ಟು ಮೈಲೇಜು, ಅದೆಲ್ಲ ಹೇಳೋಕೆ ಬೇರೆ ಚಾನೆಲ್‌ಗಳು ಬೇಕಾದಷ್ಟಿವೆ. ನಾನು ಹೇಳಹೊರಟಿರೋದು ಕಾರು ಮನೆಗೆ ಬಂದ ಮೊದಲ ಕೆಲವು ದಿನಗಳ ಇತಿಹಾಸ.

ಅದಕ್ಕೂ ಒಂದು ಇತಿಹಾಸ ಇದೆಯಾ ಅಂತ ಕೇಳಬಹುದು. ಇದೆ. 1960, 70ರ ದಶಕಗಳಲ್ಲಿ ಕಾರು ಕೊಂಡವರು ಯಾರಾದರೂ ನಿಮ್ಮ ಕುಟುಂಬದಲ್ಲಿದ್ದರೆ ಕೇಳಿ ನೋಡಿ. ಕಾರು ಬಂದ ವಾರ ಏನೇನು ಮಾಡಿದಿರಿ ಅಂದ್ರೆ ಒಂದು ಪಂಚಾಂಗವನ್ನೇ ಬಿಚ್ಚುತ್ತಾರೆ. ಮೊದಲು ಪೂಜೆ, ಆಮೇಲೆ ಆರ್‌ಟಿಓ, ಆಮೇಲೆ ನಿಧಾನವಾಗಿ ಊರೊಳಗೆ ಒಂದು ಸುತ್ತು, ಐನೂರು ಕಿಲೋಮೀಟರ್ ಆದಮೇಲೆ ಆಯಿಲ್ ಬದಲು, ಸಾವಿರ ಆಗೋವರೆಗೆ ಘಾಟಿ ಹತ್ತಿಸಬಾರದು, ಎರಡು ವರ್ಷ ಮಾರಬಾರದು. ಇದನ್ನೆಲ್ಲ ನಾವು ಹಿರಿಯರ ಅತಿ ಜಾಗ್ರತೆ ಅಂತ ನಕ್ಕು ಬಿಡ್ತೀವಿ. ಆದರೆ ಅದರಲ್ಲಿ ಬಹುಪಾಲು ಅವರು ಮಾಡಿಕೊಂಡ ಯೋಜನೆಯೇ ಅಲ್ಲ. ಆ ಪಟ್ಟಿಯ ಒಂದು ಸಾಲನ್ನು ಸರ್ಕಾರ ಬರೆದಿತ್ತು, ಒಂದನ್ನು ಇಂಜಿನ್ ಬರೆದಿತ್ತು, ಇನ್ನೊಂದನ್ನು ನಮ್ಮ ಘಟ್ಟಗಳು ಬರೆದಿದ್ದವು. ಕಾರಿನ ಮಾಲೀಕನಿಗೆ ಉಳಿಯುತ್ತಿದ್ದದ್ದು ಪೂಜೆ ಎಲ್ಲಿ ಮಾಡಿಸೋದು ಅನ್ನೋ ಆಯ್ಕೆ ಒಂದೇ!

ಮೊದಲು ಸರ್ಕಾರದ ಸಾಲು ನೋಡೋಣ.

ಮುಂಬೈಯಲ್ಲಿ ಕಾರು ಅನ್ನೋದು ಸ್ವಾತಂತ್ರ್ಯಕ್ಕೆ ಮುಂಚೆ ಅಷ್ಟೇನೂ ಕಾಯಬೇಕಾದ ವಸ್ತು ಆಗಿರಲಿಲ್ಲ. ದುಡ್ಡಿದ್ದವರಿಗೆ, ಅಂತ ಸೇರಿಸಬೇಕು. ಜನರಲ್ ಮೋಟಾರ್ಸ್ 1928ರಲ್ಲೇ ಇಲ್ಲಿ ಜೋಡಣೆ ಕಾರ್ಖಾನೆ ತೆರೆದಿತ್ತು, ಫೋರ್ಡ್ ಕೂಡ ಇತ್ತು. ಬಿಡಿಭಾಗ ಹಡಗಲ್ಲಿ ಬರೋದು, ಇಲ್ಲಿ ಜೋಡಿಸಿ ಮಾರೋದು. 1953ರಲ್ಲಿ ಸುಂಕ ಆಯೋಗದ ವರದಿ ಬಂತು. ಬರೀ ಜೋಡಿಸೋರು ಬೇಡ, ಇಲ್ಲೇ ತಯಾರಿಸುವ ಕಾರ್ಯಕ್ರಮ ಇದ್ದವರು ಮಾತ್ರ ಇರಲಿ ಅನ್ನೋ ನೀತಿ ಜಾರಿಯಾಯ್ತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಹೊರಟವು. ಮುಖ್ಯವಾಗಿ ಮೂರು ಕಾರು ಕಂಪನಿಗಳು ಉಳಿದವು. ಕಲ್ಕತ್ತಾ ಹತ್ತಿರ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್, ಅಂದರೆ ಅಂಬಾಸಡರ್. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್. ಮುಂಬೈ ಕುರ್ಲಾದಲ್ಲಿ ವಾಲಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್, ಅಂದರೆ ಫಿಯೆಟ್. ಅದೇ ಫಿಯೆಟ್ 1100, ಮುಂದೆ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಅನ್ನೋ ಹೆಸರು ಪಡೆದು, ಕರಿ-ಹಳದಿ ಬಣ್ಣ ಬಳಿದುಕೊಂಡು ಮುಂಬೈ ಟ್ಯಾಕ್ಸಿಯಾಗಿ ನಮ್ಮೆಲ್ಲರ ಬದುಕಿಗೆ ಬಂದದ್ದು.

ಈ ನೀತಿಯನ್ನು ಈಗ ಬೈಯೋದು ಸುಲಭ. ಆದರೆ ಒಂದು ಮಾತು ಹೇಳಲೇಬೇಕು. ಕುರ್ಲಾದಲ್ಲಿ, ಪುಣೆಯ ಪಿಂಪ್ರಿ-ಚಿಂಚ್ವಡದಲ್ಲಿ, ಮದ್ರಾಸಿನ ಸುತ್ತ ಗೇರು, ಪಿಸ್ಟನ್, ಬ್ರೇಕು ಮಾಡುವ ಸಾಲು ಸಾಲು ಕಾರ್ಖಾನೆಗಳು ಎದ್ದಿದ್ದರಲ್ಲಿ ಈ ನೀತಿಯ ಪಾಲು ದೊಡ್ಡದು. ಉತ್ತರ ಕರ್ನಾಟಕದಿಂದ ಪುಣೆಗೆ ಕೆಲಸಕ್ಕೆ ಬಂದ ಎಷ್ಟೋ ಮನೆಗಳ ಅನ್ನ ಅಲ್ಲಿಂದಲೇ. ತೊಂದರೆ ಇದ್ದದ್ದು ಇನ್ನೊಂದು ಕಡೆ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಕಾರ್ಖಾನೆ ಎಷ್ಟು ತಯಾರಿಸಬಹುದು ಅನ್ನೋದಕ್ಕೂ ಲೈಸೆನ್ಸ್ ಬೇಕು. ಜನ ಕೇಳ್ತಾರೆ ಅಂತ ಹೆಚ್ಚು ಕಾರು ಮಾಡೋ ಹಾಗಿಲ್ಲ. ಯಂತ್ರ ತರೋಣ ಅಂದ್ರೆ ವಿದೇಶಿ ವಿನಿಮಯ ಇಲ್ಲ. ಬೆಲೆ ಏರಿಸೋಣ ಅಂದ್ರೆ ಅದಕ್ಕೂ ಕಡಿವಾಣ. ಬೆಲೆ ನಿಯಂತ್ರಣದ ಜಗಳ 1971ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯ್ತು. 1980ರ ದಶಕ ಶುರುವಾಗುವ ಹೊತ್ತಿಗೂ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗ್ತಾ ಇದ್ದ ಕಾರು ಸುಮಾರು 40,000 ಅಷ್ಟೆ.

ಹಾಗಾಗಿ ಕ್ಯೂ. ಫಿಯೆಟ್‌ಗೆ ಹೆಸರು ಬರೆಸಿದರೆ ಐದು ವರ್ಷ, ಏಳು ವರ್ಷ, ಕೆಲವರಿಗೆ ಅದಕ್ಕಿಂತ ಹೆಚ್ಚು. ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಬುಕ್ ಮಾಡಿದ ಕಾರು ಅವಳು ಕಾಲೇಜು ಸೇರಿದಾಗ ಬರೋದು. ಅದರ ಮೇಲೆ ಸರ್ಕಾರಿ ಕೋಟಾ ಬೇರೆ. ಕ್ಯೂನಲ್ಲಿ ನಿಂತವರ ಪಕ್ಕದಲ್ಲೇ ಇನ್ನೊಂದು ಗಿಡ್ಡ ಕ್ಯೂ ಇರ್ತಿತ್ತು ಅಂತಿಟ್ಕೊಳ್ಳಿ.

ಇಷ್ಟು ಕೊರತೆ ಇದ್ದಲ್ಲಿ ಏನಾಗುತ್ತೆ? ನಿಯಂತ್ರಿತ ಬೆಲೆಗೆ ಸಿಕ್ಕ ಹೊಸ ಕಾರನ್ನು ಷೋರೂಮ್ ಬಾಗಿಲಲ್ಲೇ ಹೆಚ್ಚು ಬೆಲೆಗೆ ಮಾರಬಹುದು. ಅದಕ್ಕೆ ಆಗಿನ ಮಾತು ‘ಪ್ರೀಮಿಯಂ’. ಓಡಿಸಿದ ಕಾರಿಗೆ ಹೊಸ ಕಾರಿಗಿಂತ ಜಾಸ್ತಿ ಬೆಲೆ! ಇದು ನಮ್ಮ ದೇಶದ್ದೇ ವಿಚಿತ್ರ ಅಂದುಕೊಳ್ಳಬೇಡಿ. ಪೂರ್ವ ಜರ್ಮನಿಯಲ್ಲಿ ಟ್ರಾಬಾಂಟ್ ಕಾರಿಗೆ ಹತ್ತು ವರ್ಷಕ್ಕೂ ಮೀರಿ ಕಾಯ್ತಿದ್ರು, ಅಲ್ಲೂ ಹಳೇ ಟ್ರಾಬಾಂಟ್ ಹೊಸದಕ್ಕಿಂತ ದುಬಾರಿಯಾಗಿತ್ತು. ಈ ದಂಧೆ ತಡೆಯೋಕೆ ನಮ್ಮ ಸರ್ಕಾರ 1959ರಲ್ಲಿ ಮೋಟಾರು ಕಾರು ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶ ತಂತು. ಹೊಸ ಕಾರು ಕೊಂಡವರು ಅನುಮತಿ ಇಲ್ಲದೆ ಎರಡು ವರ್ಷ ಅದನ್ನು ಮಾರುವಂತಿಲ್ಲ. ಮರುವರ್ಷ ಸ್ಕೂಟರಿಗೂ ಇಂಥದ್ದೇ ಆದೇಶ ಬಂತು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಏಳು ವರ್ಷ ಕಾದಿದ್ದೀರಿ. ಕಾರು ಬರುವ ಹೊತ್ತಿಗೆ ಮನೆಯ ಸ್ಥಿತಿ ಬದಲಾಗಿದೆ. ಯಾರಿಗೋ ಕಾಯಿಲೆ, ಇಲ್ಲಾ ಮಗಳ ಮದುವೆ. ಕಾರು ಬೇಡ ಅಂದರೆ ಕ್ಯೂನ ಜಾಗ ಹೋಯ್ತು. ಬೇಕು ಅಂದರೆ ಒಂದೇ ಸಲ ಪೂರ್ತಿ ಹಣ ಕಟ್ಟಬೇಕು. ಇವತ್ತಿನ ಹಾಗೆ ಅರ್ಧ ಗಂಟೆಯಲ್ಲಿ ಕಾರ್ ಲೋನ್ ಕೊಡೋ ಕಾಲ ಅಲ್ಲ. ಸರ್ಕಾರಿ ನೌಕರರಿಗೆ ಮೋಟಾರು ಕಾರು ಮುಂಗಡ ಅಂತ ಒಂದಿತ್ತು, ಉಳಿದವರಿಗೆ ಪಿಎಫ್, ಚೀಟಿ, ಇಲ್ಲದಿದ್ದರೆ ಹೆಂಡತಿಯ ಬಳೆ. ಹೊಸ ಕಾರಿನ ಮೊದಲ ದಿನಗಳ ಸಂಭ್ರಮದ ಫೋಟೋಗಳಲ್ಲಿ ಬಳೆಯಿಲ್ಲದ ಆ ಕೈ ಕಾಣೋದಿಲ್ಲ. ಸೆರಗು ಮುಚ್ಚಿರುತ್ತೆ.

ಸಾಲದ ಕಾರು ಅಂದಾಗ ಒಬ್ಬರ ನೆನಪು ಬರದೇ ಇರೋದಿಲ್ಲ. ಲಾಲ್ ಬಹಾದುರ್ ಶಾಸ್ತ್ರಿ. ಅವರು ಪ್ರಧಾನಿಯಾದಮೇಲೂ ಮನೆಗೆ ಅಂತ ಸ್ವಂತ ಕಾರಿರಲಿಲ್ಲ. ಮಕ್ಕಳು ಒತ್ತಾಯ ಮಾಡಿದರು. ವಿಚಾರಿಸಿದರೆ ಫಿಯೆಟ್ ಬೆಲೆ 12,000 ರೂಪಾಯಿ, ಬ್ಯಾಂಕಿನಲ್ಲಿ ಇದ್ದದ್ದು 7,000. ಉಳಿದ 5,000 ರೂಪಾಯಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲದ ಅರ್ಜಿ ಹಾಕಿದರು. ಅವರ ಮಗ ಅನಿಲ್ ಶಾಸ್ತ್ರಿ ಇದನ್ನು ಹಲವು ಸಲ ಹೇಳಿದ್ದಾರೆ. ಸಾಲ ತೀರುವ ಮುಂಚೆಯೇ, 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಶಾಸ್ತ್ರಿಯವರು ತೀರಿಕೊಂಡರು. ಉಳಿದ ಸಾಲವನ್ನು ಲಲಿತಾ ಶಾಸ್ತ್ರಿಯವರು ತಮಗೆ ಬರುತ್ತಿದ್ದ ಪಿಂಚಣಿಯಿಂದ ತೀರಿಸಿದರು. ಡಿಎಲ್‌ಇ 6 ಅನ್ನೋ ನಂಬರಿನ ಆ ಫಿಯೆಟ್ ಈಗಲೂ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ದೆಹಲಿಯಲ್ಲಿರುವವರು ಒಂದು ಭಾನುವಾರ ಹೋಗಿ ನೋಡಿ ಬನ್ನಿ. ಶಾಸ್ತ್ರಿಯವರ ಪ್ರಾಮಾಣಿಕತೆಗೆ ಉದಾಹರಣೆಯಾಗಿ ಈ ಕಥೆ ವಾಟ್ಸಾಪಲ್ಲಿ ಓಡಾಡುತ್ತೆ, ಸರಿ. ನನಗೆ ಅದರಲ್ಲಿ ಕಾಣೋದು ಇನ್ನೊಂದು. ಕಾರು ಬೇಕು ಅಂದವರು ಮಕ್ಕಳು, ಕಂತು ಕಟ್ಟಿ ಮುಗಿಸಿದವರು ತಾಯಿ. ಆ ಕಾಲದ ಎಷ್ಟೋ ಮನೆಗಳಲ್ಲಿ ಕಾರಿನ ಲೆಕ್ಕ ಹೀಗೇ ಮುಗಿದಿದೆ.

ಇನ್ನು ಕಾರು ತರುವ ದಿನ. ಷೋರೂಮಿಗೆ ಹೋಗೋದು ಒಬ್ಬರಲ್ಲ, ಮೆಕ್ಯಾನಿಕ್ ಒಬ್ಬ ಜೊತೆಗೆ ಇರಲೇಬೇಕು. ಜ್ಯಾಕ್ ಇದೆಯಾ, ಸ್ಟೆಪ್ನಿ ಇದೆಯಾ, ಬಾಗಿಲು ಸರಿಯಾಗಿ ಕೂರುತ್ತಾ, ಬಣ್ಣ ಎಲ್ಲಾದ್ರೂ ಎದ್ದಿದೆಯಾ ಅಂತ ನೋಡೋದು ಅವನ ಕೆಲಸ. ಸ್ಪರ್ಧೆ ಇಲ್ಲದ ಕಂಪನಿಗಳು ಕಾರನ್ನು ಹೇಗೆ ಕಳಿಸ್ತಾರೋ ಹಾಗೇ ಕಳಿಸ್ತಿದ್ರು, ಹೊಸ ಕಾರು ನೇರ ಗ್ಯಾರೇಜಿಗೆ ಹೋಗಿ ನಟ್ಟು ಬೋಲ್ಟು ಬಿಗಿ ಮಾಡಿಸಿಕೊಂಡು ಮನೆಗೆ ಬರೋದು ಮಾಮೂಲು. ಸ್ಟೀರಿಂಗ್ ಪಕ್ಕದಲ್ಲೇ ಗೇರು, ಕೈ ಹೊರಗೆ ಚಾಚಿ ಸಿಗ್ನಲ್. ಹೆಚ್ಚಿನ ಮಾಲೀಕರಿಗೆ ಡ್ರೈವಿಂಗೇ ಬರ್ತಿರಲಿಲ್ಲ ಅನ್ನೋದು ಇನ್ನೊಂದು ವಿಷಯ! ಏಳು ವರ್ಷ ಕಾದವರು ಕಾರು ಬಂದಮೇಲೆ ಲರ್ನರ್ಸ್ ಲೈಸೆನ್ಸಿಗೆ ಓಡ್ತಿದ್ರು.

ಆಮೇಲೆ ಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಬೂದುಗುಂಬಳಕಾಯಿ ಒಡೆಯೋದು. ಇದು ಕಾರಿನ ಜೊತೆ ಹುಟ್ಟಿದ ಆಚಾರ ಅಲ್ಲ. 1520ರ ಆಸುಪಾಸು ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಮಹಾನವಮಿಯನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಅಲಂಕರಿಸಿದ ಕುದುರೆ, ಆನೆಗಳಿಗೆ ಸಲ್ಲುತ್ತಿದ್ದ ಗೌರವದ ವಿವರ ಅದರಲ್ಲಿದೆ. ಮೈಸೂರು ಅರಮನೆಯಲ್ಲಿ ಆಯುಧಪೂಜೆ ದಿನ ಇವತ್ತಿಗೂ ಪಟ್ಟದ ಆನೆ, ಪಟ್ಟದ ಕುದುರೆ, ಪಲ್ಲಕ್ಕಿ ಜೊತೆಗೆ ಕಾರುಗಳಿಗೂ ಪೂಜೆ ಆಗುತ್ತೆ. ಕುದುರೆಯ ಜಾಗಕ್ಕೆ ಕಾರು ಬಂತು, ಪೂಜೆ ಇದ್ದ ಹಾಗೇ ಉಳೀತು. ಮುಂಬೈಯಲ್ಲಿ ಅದು ಸಿದ್ಧಿವಿನಾಯಕನ ಮುಂದೆ ಆಗುತ್ತೆ, ಪುಣೆಯಲ್ಲಿ ದಗಡೂಶೇಟ್ ಗಣಪತಿ ಮುಂದೆ. ನಮ್ಮ ನಿಂಬೆಹಣ್ಣು, ಅವರ ತೆಂಗಿನಕಾಯಿ.

ಈಗ ಇಂಜಿನ್ ಬರೆದ ಸಾಲಿಗೆ ಬರೋಣ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಸ್ವಾರಸ್ಯ.

‘ರನ್ನಿಂಗ್ ಇನ್’ ಅನ್ನೋ ಮಾತು ಹಳಬರ ಬಾಯಲ್ಲಿ ಕೇಳಿರ್ತೀರಿ. ಇಂಗ್ಲೆಂಡಿನಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ ಚೀಟಿ ಅಂಟಿಸ್ತಿದ್ರು: ಹೊಸ ಇಂಜಿನ್, ದಯವಿಟ್ಟು ಮುಂದೆ ಹೋಗಿ, ಅನ್ನೋ ಅರ್ಥದ್ದು. ಯಾಕೆ? ಇಂಜಿನ್ನಿನೊಳಗೆ ಸಿಲಿಂಡರ್ ಅನ್ನೋ ಕೊಳವೆ ಇದೆ, ಅದರಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುತ್ತೆ. ಪಿಸ್ಟನ್ ಸುತ್ತ ಬಳೆಯಂಥ ರಿಂಗುಗಳಿರುತ್ತವೆ. ಹೊಸ ಸಿಲಿಂಡರಿನ ಒಳಗೋಡೆ ಕಣ್ಣಿಗೆ ನುಣುಪು, ಆದರೆ ಅದರ ಮೇಲೆ ಬೇಕಂತಲೇ ಎಳೆದ ಸಣ್ಣ ಸಣ್ಣ ಗೀರುಗಳಿವೆ. ರಿಂಗು ಆ ಗೀರಿಗೆ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಕೊಳ್ಳಬೇಕು. ಹೊಸ ಚಪ್ಪಲಿ ಕಾಲಿಗೆ ಕೂರುವ ಹಾಗೆ. ಆಗಿನ ಲೇತು, ಆಗಿನ ಅಳತೆ, ಆಗಿನ ಆಯಿಲ್ಲಿನಲ್ಲಿ ಈ ಹೊಂದಾಣಿಕೆಯ ಅರ್ಧ ಕೆಲಸ ಕಾರ್ಖಾನೆಯಲ್ಲಿ ಮುಗೀತಿರಲಿಲ್ಲ. ಅದನ್ನು ಕೊಂಡವನೇ ರಸ್ತೆಯಲ್ಲಿ ಮುಗಿಸಬೇಕಿತ್ತು.

ಜೋರಾಗಿ ಓಡಿಸಿದರೆ ಕಾವು ಹೆಚ್ಚಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳೋದು, ಮೆಕ್ಯಾನಿಕ್ ಭಾಷೆಯಲ್ಲಿ ಇಂಜಿನ್ ಸೀಜ್. ತೀರಾ ನಿಧಾನಕ್ಕೆ ಟಾಪ್ ಗೇರಿನಲ್ಲಿ ಏದುಸಿರು ಬಿಡಿಸಿದರೂ ಬೇರಿಂಗಿಗೆ ಪೆಟ್ಟು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋದರೆ ರಿಂಗು ಸರಿಯಾಗಿ ಕೂರೋದಿಲ್ಲ, ಜೀವಮಾನವಿಡೀ ಆಯಿಲ್ ಕುಡಿಯುವ ಇಂಜಿನ್ ಆಗುತ್ತೆ. ಹಾಗಾಗಿ ಗಂಟೆಗೆ ಐವತ್ತು ಕಿಲೋಮೀಟರ್ ಆಸುಪಾಸು, ಏರಿಸುತ್ತಾ ಇಳಿಸುತ್ತಾ, ಭಾರ ಹಾಕದೆ. ಉಜ್ಜುವಾಗ ಬಿದ್ದ ಲೋಹದ ಪುಡಿ ಆಯಿಲ್ಲಿಗೆ ಸೇರ್ತಿತ್ತು, ಅದಕ್ಕೇ ಐನೂರು ಕಿಲೋಮೀಟರಿಗೆ ಆಯಿಲ್ ಚೆಲ್ಲಿ ಹೊಸದು ಹಾಕೋದು. ಇದು ಜಿಪುಣತನವೂ ಅಲ್ಲ, ಮೂಢನಂಬಿಕೆಯೂ ಅಲ್ಲ. ಇಂಜಿನ್ ಕೆಟ್ಟರೆ ಇನ್ನೊಂದು ಕಾರಿಗೆ ಮತ್ತೆ ಏಳು ವರ್ಷ, ಅಲ್ವಾ?

ಇಲ್ಲಿಗೆ ಘಟ್ಟದ ಸಾಲು ಬಂತು. ಮುಂಬೈಯ ಕನ್ನಡಿಗನಿಗೆ ಕಾರು ಬೇಕಿದ್ದದ್ದು ಆಫೀಸಿಗೆ ಹೋಗೋಕಲ್ಲ. ಆಫೀಸಿಗೆ ಲೋಕಲ್ ಇತ್ತಲ್ಲ. ಮಾಟುಂಗಾದಲ್ಲಿ ಹೋಟೆಲ್ ನಡೆಸುವವರಿರಲಿ, ಫೋರ್ಟಿನಲ್ಲಿ ಬ್ಯಾಂಕ್ ಕೆಲಸದವರಿರಲಿ, ಕಾರು ಅಂದ್ರೆ ಊರಿಗೆ ತಗೊಂಡು ಹೋಗೋದು. ಕೊಂಕಣ ರೈಲ್ವೆ ಪೂರ್ತಿ ಶುರುವಾದದ್ದು 1998ರಲ್ಲಿ. ಅಲ್ಲಿವರೆಗೆ ಉಡುಪಿ, ಕುಂದಾಪುರದವರಿಗೆ ಊರಿನ ದಾರಿ ಅಂದ್ರೆ ಬಸ್ಸು, ಅದಕ್ಕೂ ಮುಂಚೆ ಹಡಗು. ಮನೆ ಅಂಗಳದಲ್ಲಿ ಕಾರು ನಿಂತು ಅಮ್ಮ ಆರತಿ ಎತ್ತದೇ ಇದ್ದರೆ ಕಾರು ಬಂದ ಹಾಗೇ ಅಲ್ಲ.

ದಾರಿ ನೋಡಿ. ಉಡುಪಿಗೆ ಒಂಬೈನೂರು ಕಿಲೋಮೀಟರಿಗಿಂತ ಕಮ್ಮಿಯೇನಿಲ್ಲ. ಕರಾವಳಿ ಹಿಡಿದು ಹೋಗೋಣ ಅಂದರೆ ನದಿಗಳು. ಕಾರವಾರದ ಕಾಳಿ ನದಿಗೆ ಸೇತುವೆ ಆದದ್ದೇ 1980ರ ದಶಕದಲ್ಲಿ (ಆ ಸೇತುವೆಯೂ 2024ರ ಆಗಸ್ಟಿನಲ್ಲಿ ಕುಸೀತು), ಅದಕ್ಕೆ ಮುಂಚೆ ದೋಣಿ ದಾಟಬೇಕು. ಹಾಗಾಗಿ ಒಳನಾಡಿನ ದಾರಿ. ಖೋಪೋಲಿ ದಾಟಿದ ತಕ್ಷಣ ಭೋರ್ ಘಾಟ್. ಪುಣೆ ಬಿಟ್ಟರೆ ಕಾತ್ರಜ್, ಆಮೇಲೆ ಖಂಬಾಟ್ಕಿ. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಅಂಕೋಲಾ. 1089 ಸಿಸಿಯ ಫಿಯೆಟ್ಟಿಗೆ ಐದಾರು ಜನ, ಮೇಲೆ ಕ್ಯಾರಿಯರಿನಲ್ಲಿ ಟ್ರಂಕು. ಮೆಕ್ಯಾನಿಕ್ ಏನೇನು ಬೇಡ ಅಂದಿದ್ದನೋ ಎಲ್ಲವೂ ಒಂದೇ ಪ್ರಯಾಣದಲ್ಲಿ!

ಇದೇ ಆ ಕಾಲದ ಮನೆಗಳ ನಿಜವಾದ ಜಗಳ. ಹಬ್ಬ ಎದುರಿಗಿದೆ, ಊರಲ್ಲಿ ವಯಸ್ಸಾದ ಅಪ್ಪ ಕಾಯ್ತಿದ್ದಾರೆ, ಇಂಜಿನ್ ಮಾತ್ರ ಸಾವಿರ ಕಿಲೋಮೀಟರ್ ಆಗಲಿ ಅಂತಿದೆ. ಹಾಗಾಗಿ ಬೆಳಗಿನ ಜಾವ ಖಾಲಿ ಮರೀನ್ ಡ್ರೈವಿನಲ್ಲಿ ಸುತ್ತು ಹಾಕಿ ಹಾಕಿ ಕಿಲೋಮೀಟರ್ ಕೂಡಿಸೋದು. ನೆಂಟರಿಷ್ಟರನ್ನು ಠಾಣೆಗೆ, ಬೋರಿವಲಿಗೆ ಬಿಟ್ಟು ಬರೋದು. ‘ಹೊಸ ಕಾರಲ್ಲಿ ಎಷ್ಟು ಉಪಕಾರ ಮಾಡ್ತಾನಪ್ಪ’ ಅಂತ ನೆಂಟರು ಹೊಗಳೋರು. ಪಾಪ, ಅವನ ಕಣ್ಣು ಮೀಟರ್ ಮೇಲೆ.

ಕೊನೆಗೆ ಹೊರಟರು ಅಂತಿಟ್ಕೊಳ್ಳಿ. ಭೋರ್ ಘಾಟಿನ ಹಳೇ ರಸ್ತೆಯಲ್ಲಿ ಶಿಂಗ್ರೋಬಾ ಗುಡಿ ಇದೆ. ಘಾಟಿಯ ದಾರಿಯನ್ನು ಬ್ರಿಟಿಷರಿಗೆ ತೋರಿಸಿಕೊಟ್ಟವನು ಶಿಂಗ್ರೋಬಾ ಅನ್ನೋ ಕುರಿಗಾಹಿ ಅಂತ ಜನ ಹೇಳ್ತಾರೆ. ಹೋಗೋ ಗಾಡಿಗಳವರು ಅಲ್ಲಿ ಒಂದು ನಾಣ್ಯ ಹಾಕ್ತಾರೆ. ಹೊಸ ಕಾರಿನವರಿಗೆ ಅದು ದರ್ಶನವೂ ಆಯ್ತು, ರೇಡಿಯೇಟರ್ ತಣಿಸೋಕೆ ನಿಲುಗಡೆಯೂ ಆಯ್ತು. ಡಿಕ್ಕಿಯಲ್ಲಿ ನೀರಿನ ಡಬ್ಬ, ಫ್ಯಾನ್ ಬೆಲ್ಟು, ಪ್ಲಗ್ಗು ಇಲ್ಲದೆ ಯಾರೂ ಹೊರಡ್ತಿರಲಿಲ್ಲ. ಈಗ ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಹೋಗೋರಿಗೆ ಶಿಂಗ್ರೋಬಾ ಸಿಗೋದೇ ಇಲ್ಲ, ಅವನು ಹಳೇ ರಸ್ತೆಯಲ್ಲೇ ಉಳಿದ.

ಈ ಪಂಚಾಂಗವನ್ನು ಹರಿದದ್ದು ಮಾರುತಿ. ಅದರ ರಾಜಕೀಯ ಕಥೆ ಇನ್ನೊಂದು ದಿನಕ್ಕಿರಲಿ, ಅದು ಉದ್ದ. ಇಲ್ಲಿಗೆ ಬೇಕಾದಷ್ಟು ಹೇಳ್ತೀನಿ. 1981ರಲ್ಲಿ ಸರ್ಕಾರಿ ಕಂಪನಿ, 1982ರಲ್ಲಿ ಸುಜುಕಿ ಜೊತೆ ಒಪ್ಪಂದ, 1983ರಲ್ಲಿ ಬುಕಿಂಗ್. 10,000 ರೂಪಾಯಿ ಠೇವಣಿ ಇಡಬೇಕಿತ್ತು. ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಮೀರಿ ಜನ ಹಣ ಕಟ್ಟಿದರು. ದೇಶದಲ್ಲಿ ಅದುವರೆಗೆ ವರ್ಷಕ್ಕೆ ಎಷ್ಟು ಕಾರು ತಯಾರಾಗ್ತಿತ್ತು ಅಂತ ಆಗಲೇ ಹೇಳಿದೆ, ಈಗ ಲೆಕ್ಕ ಹಾಕಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಅವರು ಇಂಡಿಯನ್ ಏರ್‌ಲೈನ್ಸ್ ನೌಕರ. ಕಾರಿನ ನಂಬರ್ ಡಿಐಎ 6479. ಬೆಲೆ 47,500 ರೂಪಾಯಿ.

796 ಸಿಸಿ, ಮೂರು ಸಿಲಿಂಡರ್. ಬೆಂಕಿಪೊಟ್ಟಣ, ಇದು ಘಾಟಿ ಹತ್ತುತ್ತಾ ಅಂತ ನಕ್ಕವರಿದ್ದರು. ಹಗುರವಾಗಿದ್ದರಿಂದ ಹತ್ತಿತು. ಜಪಾನಿನ ಯಂತ್ರಗಳಲ್ಲಿ ಅಳತೆ ಎಷ್ಟು ಬಿಗಿಯಾಗಿತ್ತು ಅಂದ್ರೆ ಮಾಲೀಕ ರಸ್ತೆಯಲ್ಲಿ ಮುಗಿಸಬೇಕಿದ್ದ ಕೆಲಸದ ಬಹುಪಾಲು ಕಾರ್ಖಾನೆಯಲ್ಲೇ ಮುಗಿದಿರ್ತಿತ್ತು. ಷೋರೂಮಿನಿಂದ ನೇರ ಮನೆಗೆ, ಮಧ್ಯೆ ಗ್ಯಾರೇಜಿಲ್ಲ. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸೇ ಬೇಡ ಅಂತಾಯ್ತು, ಕ್ಯೂ ಕರಗಿತು. ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಿ ಅಂತ ಈಗಲೂ ಮ್ಯಾನ್ಯುಯಲ್ಲಿನಲ್ಲಿ ಬರೆದಿರ್ತಾರೆ. ಎಷ್ಟು ಜನ ಓದ್ತಾರೆ?

ಹೊರನಾಡಿನಲ್ಲಿರುವ ನಮಗೆ ಮಾತ್ರ ಸರ್ಕಾರದ ಒಂದು ಸಾಲು ಇನ್ನೂ ಅಳಿಸಿಲ್ಲ. ಊರಲ್ಲಿ ಕೊಂಡ ಕೆಎ ನಂಬರಿನ ಕಾರನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು. ಎನ್‌ಒಸಿ, ಅಲ್ಲಿ ಕಟ್ಟಿದ ತೆರಿಗೆ ವಾಪಸ್, ಇಲ್ಲಿ ಮತ್ತೆ ತೆರಿಗೆ. 2021ರಲ್ಲಿ ಬಿಎಚ್ ಸರಣಿ ಬಂತು, ಆದರೆ ಅದು ಎಲ್ಲರಿಗೂ ಸಿಗೋದಿಲ್ಲ. ಹೊಸ ಕಾರು ತಗೊಳ್ಳೋ ಮುಂಚೆ ಬಣ್ಣದ ಬಗ್ಗೆ ಮಾಡೋ ಚರ್ಚೆಯ ಅರ್ಧದಷ್ಟನ್ನಾದರೂ ಯಾವ ರಾಜ್ಯದ ನಂಬರ್ ಅನ್ನೋದರ ಬಗ್ಗೆ ಮಾಡಿ ಅಂತ ನನ್ನ ಸಲಹೆ.

ಹರ್ಪಾಲ್ ಸಿಂಗ್ ಆ ಮಾರುತಿಯನ್ನು ಎರಡು ವರ್ಷ ಅಲ್ಲ, ತಾವು 2010ರಲ್ಲಿ ತೀರಿಕೊಳ್ಳುವವರೆಗೂ ಮಾರಲಿಲ್ಲ. ಆಮೇಲೆ ಅದು ಅವರ ಮನೆಯ ಹೊರಗೆ ಬಿಸಿಲು ಮಳೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಕೊನೆಗೆ ಕಂಪನಿಯೇ ಸರಿಪಡಿಸಿ ತನ್ನ ಮುಖ್ಯ ಕಚೇರಿಯಲ್ಲಿ ಇಟ್ಟುಕೊಂಡಿತು. ಕುರ್ಲಾದ ಪದ್ಮಿನಿಯ ಕಥೆ ಮುಂಬೈಯವರಿಗೆ ಗೊತ್ತು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ, ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, 2023ರ ಅಕ್ಟೋಬರಿಗೆ ರಸ್ತೆಯಿಂದ ಇಳೀತು.

ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಫಿಯೆಟ್ಟಿನದೋ ಅಂಬಾಸಡರಿನದೋ ಬುಕಿಂಗ್ ರಸೀದಿ, ಮೊದಲ ಸರ್ವೀಸಿನ ಚೀಟಿ ಏನಾದರೂ ಉಳಿದಿದ್ದರೆ ಎಸೀಬೇಡಿ. ಬುಕ್ ಮಾಡಿದ ತಾರೀಕು, ಕಾರು ಬಂದ ತಾರೀಕು ಎರಡನ್ನೂ ಅದರ ಹಿಂದೆ ಬರೆದಿಡಿ.